ಹಂಡೆಯ ನೀರು, ಕಣಿವೆಯ ಋಣ

(ದಕ್ಷಿಣ ಬೆಂಗಳೂರಿನ ಜಯನಗರದಲ್ಲಿ ನಿವಾಸಿಗಳು ಸೇರಿದ್ದ ಸಭೆಯೊಂದರಲ್ಲಿ ಮಲೆನಾಡಿನ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ನಾನು ಓದಿದ್ದು ಮಣ್ಣಿನ ವಿಜ್ಞಾನ. ಅಡಿಕೆ ತೋಟದ ಬೇರು, ಕಾಳುಮೆಣಸಿನ ಕೊಳೆರೋಗ, ಬೆಟ್ಟದ ಸೊಪ್ಪು ಇವೇ ನನ್ನ ನಿತ್ಯದ ವಿಷಯಗಳು. ಬಿಸಿನೀರಿನ ಯಂತ್ರಗಳ ಬಗ್ಗೆ ಮಾತನಾಡಲು ನನ್ನನ್ನು ಕರೆದದ್ದು ನಿಮಗೆ ವಿಚಿತ್ರವೆನಿಸಬಹುದು. ನನಗೂ ಹಾಗೆಯೇ ಅನಿಸಿತ್ತು. ಇದಕ್ಕೆ ಕಾರಣ ನನ್ನ ಅಕ್ಕ. ಅವಳ ಮನೆ ಇಲ್ಲಿಗೆ ನಾಲ್ಕು ಅಡ್ಡರಸ್ತೆಗಳ ಆಚೆ ಇದೆ.

ಕಳೆದ ದೀಪಾವಳಿಗೆ ನಾನು ಅಲ್ಲಿಗೆ ಬಂದಿದ್ದೆ. ನೀರು ತುಂಬುವ ಹಬ್ಬದ ಸಂಜೆ. ನಮ್ಮೂರಿನಲ್ಲಾದರೆ ಆ ಹೊತ್ತಿಗೆ ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಹಿಂಡಲೆಕಾಯಿಯ ಬಳ್ಳಿ ಕಟ್ಟಿ, ಬಾವಿಯ ನೀರು ತುಂಬಿ ಪೂಜೆ ಮಾಡಿರುತ್ತಾರೆ. ಅಕ್ಕನ ಮನೆಯಲ್ಲಿ ಹಂಡೆ ಅಟ್ಟ ಸೇರಿ ಇಪ್ಪತ್ತು ವರ್ಷಗಳಾದವು. ಅವಳು ಪ್ಲಾಸ್ಟಿಕ್ ಬಕೆಟ್ಟಿಗೇ ಅರಿಶಿನ ಕುಂಕುಮ ಹಚ್ಚಿ, ನನ್ನ ಕೈಗೊಂದು ಕಾಗದ ಕೊಟ್ಟಳು. ಅದು ಹೀಟ್ ಪಂಪ್ ಮಾರುವ ಅಂಗಡಿಯೊಂದರ ದರಪಟ್ಟಿ. ಇನ್ನೂರು ಲೀಟರಿನ ಯಂತ್ರಕ್ಕೆ ಅಳವಡಿಕೆ ಸೇರಿ ಒಂದು ಲಕ್ಷಕ್ಕೂ ಮೇಲೆ. "ಮಣ್ಣಿನ ಲೆಕ್ಕ ಊರಿಗೆಲ್ಲ ಹೇಳ್ತೀಯಲ್ಲ, ನಮ್ಮನೆ ಬಿಸಿನೀರಿನ ಲೆಕ್ಕಾನೂ ಒಂದ್ಸಲ ಹೇಳು. ಇದನ್ನ ಹಾಕಿಸೋದೋ ಬೇಡವೋ?" ಎಂದಳು.

ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎರಡು ತಿಂಗಳು ಬೇಕಾಯಿತು. ಆ ಹುಡುಕಾಟದ ವರದಿಯೇ ಇಂದಿನ ಮಾತು.

ಯಂತ್ರ ಮಾಡುವುದೇನು?

ಚಳಿಯ ದೇಶಗಳಲ್ಲಿ ಈಗ ಹೀಟ್ ಪಂಪಿನದೇ ಚರ್ಚೆ. ಅಲ್ಲಿ ಅದು ಮನೆಯನ್ನೇ ಬೆಚ್ಚಗಿಡುವ ಸಾಧನ. ಬೆಂಗಳೂರಿಗೆ ಆ ಅಗತ್ಯವಿಲ್ಲ. ಈ ನಗರದಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಸಾಮಾನ್ಯ ಜನವರಿಯ ಮುಂಜಾವಿನಲ್ಲಿ ಹದಿನೈದು ಹದಿನಾರು ಡಿಗ್ರಿಯ ಆಸುಪಾಸು ಇರುತ್ತದೆ. ಒಂದು ಸ್ವೆಟರು, ಒಂದು ಲೋಟ ಕಾಫಿ ಸಾಕಾಗುವ ಚಳಿ. ಆದರೆ ಸ್ನಾನಕ್ಕೆ ಮಾತ್ರ ವರ್ಷದ ಹನ್ನೆರಡು ತಿಂಗಳೂ ನಮಗೆ ಬಿಸಿನೀರು ಬೇಕು. ಆದ್ದರಿಂದ ನಮ್ಮಲ್ಲಿ ಹೀಟ್ ಪಂಪಿನ ಪ್ರಶ್ನೆಯೆಂದರೆ ಬಚ್ಚಲುಮನೆಯ ಪ್ರಶ್ನೆ.

ಅದರ ಕೆಲಸವನ್ನು ಅರಿಯಲು ಅಡುಗೆಮನೆಯ ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟರೆ ಸಾಕು. ಅಲ್ಲಿ ಬಿಸಿ ತಾಗುತ್ತದೆ. ಒಳಗಿನ ತರಕಾರಿ, ಹಾಲಿನ ಶಾಖವನ್ನು ಹೀರಿ ಹೊರಕ್ಕೆ ಹಾಕಿದ್ದರ ಗುರುತು ಅದು. ಹೀಟ್ ಪಂಪ್ ಇದೇ ಕೆಲಸವನ್ನು ತಿರುಗಿಸಿ ಮಾಡುತ್ತದೆ. ಹೊರಗಿನ ಗಾಳಿಯ ಶಾಖವನ್ನು ಒಂದು ಶೀತಕ ದ್ರವ ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಇನ್ನಷ್ಟು ಬಿಸಿ ಮಾಡುತ್ತದೆ. ಆ ಬಿಸಿಯನ್ನು ತೊಟ್ಟಿಯ ನೀರಿಗೆ ಬಿಟ್ಟುಕೊಟ್ಟ ಆವಿ ಮತ್ತೆ ದ್ರವವಾಗಿ, ಒತ್ತಡ ಕಳೆದುಕೊಂಡು, ತಣ್ಣಗಾಗಿ, ಹಳೆಯ ಜಾಗಕ್ಕೆ ಮರಳುತ್ತದೆ.

ಗೀಸರ್ ವಿದ್ಯುತ್ತನ್ನು ಸುಟ್ಟು ಶಾಖ ಮಾಡುತ್ತದೆ. ಒಂದು ಯೂನಿಟ್ ಕೊಟ್ಟರೆ ಒಂದು ಯೂನಿಟ್ಟಿನ ಶಾಖ ಬರುತ್ತದೆ, ಅದಕ್ಕಿಂತ ಹೆಚ್ಚು ಬರಲಾರದು. ಹೀಟ್ ಪಂಪ್ ವಿದ್ಯುತ್ತನ್ನು ಕೂಲಿಯಾಗಿ ಕೊಟ್ಟು ಗಾಳಿಯ ಶಾಖವನ್ನು ಹೊತ್ತು ತರಿಸುತ್ತದೆ. ಬೆಂಗಳೂರಿನಂಥ ಹವೆಯಲ್ಲಿ ಒಂದು ಯೂನಿಟ್ಟಿನ ಕೂಲಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ನೀರಿಗೆ ಸೇರುತ್ತದೆ. ಗಾಳಿ ಬೆಚ್ಚಗಿದ್ದಷ್ಟೂ ಕೂಲಿ ಕಡಿಮೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಷ್ಟು ಕೇಳಿದಾಗ ಅಕ್ಕನಿಗೆ ಉತ್ತರ ಸಿಕ್ಕಂತೆಯೇ ಆಯಿತು. "ಮೂರರಲ್ಲಿ ಎರಡು ಪಾಲು ಉಳಿತಾಯ, ಮತ್ತೇನು ಯೋಚನೆ?" ಎಂದರು ಭಾವ. ನಾನು ರೈತರಿಗೆ ಹೇಳುವ ಮಾತನ್ನೇ ಅವರಿಗೂ ಹೇಳಿದೆ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಕೊಳ್ಳಬಾರದು. ಗೊಬ್ಬರ ಎಷ್ಟೇ ಒಳ್ಳೆಯದಿರಲಿ, ನಿಮ್ಮ ಮಣ್ಣಿಗೆ ಅದರ ಕೊರತೆ ಇದೆಯೇ ಎಂಬುದು ಮೊದಲು ತಿಳಿಯಬೇಕು.

ಬಕೆಟ್ಟಿನ ಲೆಕ್ಕ

ಲೆಕ್ಕ ಬಹಳ ಸರಳ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋ ಕ್ಯಾಲೊರಿ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತಿನಲ್ಲಿ 860 ಕಿಲೋ ಕ್ಯಾಲೊರಿ ಇದೆ. ತೊಟ್ಟಿಯ ನೀರು 22 ಡಿಗ್ರಿ, ಸ್ನಾನಕ್ಕೆ ಹಿತವಾದ ನೀರು 42 ಡಿಗ್ರಿ ಎಂದಿಟ್ಟುಕೊಳ್ಳೋಣ. ಏರಿಸಬೇಕಾದದ್ದು ಇಪ್ಪತ್ತು ಡಿಗ್ರಿ.

ಬಕೆಟ್ಟಿನಲ್ಲಿ ಸ್ನಾನ ಮಾಡುವವರಿಗೆ ಇಪ್ಪತ್ತೈದು ಲೀಟರ್ ನೀರು ಸಾಕು. ಅಂದರೆ 500 ಕಿಲೋ ಕ್ಯಾಲೊರಿ, ಹೆಚ್ಚುಕಡಿಮೆ 0.6 ಯೂನಿಟ್. ಷವರಿನ ಕೆಳಗೆ ನಿಂತು ಅರವತ್ತು ಲೀಟರ್ ಸುರಿದುಕೊಂಡರೆ 1.4 ಯೂನಿಟ್. ಗೀಸರಿನಿಂದ ಹೀಟ್ ಪಂಪಿಗೆ ಬದಲಾಗುವುದರಿಂದ ಆಗುವ ಉಳಿತಾಯ ಮೂರರಲ್ಲಿ ಎರಡು ಪಾಲು. ಷವರಿನಿಂದ ಬಕೆಟ್ಟಿಗೆ ಮರಳುವುದರಿಂದ ಆಗುವ ಉಳಿತಾಯ ಅದಕ್ಕೆ ಸ್ವಲ್ಪವೇ ಕಡಿಮೆ, ಖರ್ಚು ಒಂದು ತಂಬಿಗೆ. ಮೇಲಾಗಿ ನೀರೂ ಉಳಿಯುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಕಾದ ಬಡಾವಣೆಗಳ ಜನರಿಗೆ ಅದರ ಬೆಲೆಯನ್ನು ನಾನು ಹೇಳಬೇಕಾಗಿಲ್ಲ.

ಅಕ್ಕನ ಮನೆಯ ಕಥೆಗೆ ಬರೋಣ. ಕಟ್ಟಡದಲ್ಲಿ ಮೂರು ಅಂತಸ್ತು, ಮೂರು ಸಂಸಾರ, ಹತ್ತು ಜನ. ಕೆಳಗಿನ ಮನೆಯಲ್ಲಿ ಅಕ್ಕ, ಭಾವ ಇಬ್ಬರೇ. ಮಕ್ಕಳು ಹೊರಗಿದ್ದಾರೆ. ಇಬ್ಬರೂ ಬಕೆಟ್ಟಿನವರು. ದಿನಕ್ಕೆ ಐವತ್ತು ಲೀಟರ್, ಶಾಖದ ಅಗತ್ಯ ಸುಮಾರು 1.2 ಯೂನಿಟ್. ಗೀಸರಿನಲ್ಲಿ ಸೋರಿಕೆ ಸೇರಿ ಒಂದೂವರೆ ಯೂನಿಟ್ ಎನ್ನೋಣ, ಹೀಟ್ ಪಂಪಿನಲ್ಲಿ ಅರ್ಧ ಯೂನಿಟ್. ಉಳಿತಾಯ ದಿನಕ್ಕೆ ಒಂದು ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿಯಂತೆ ವರ್ಷಕ್ಕೆ ಎರಡೂವರೆ ಸಾವಿರ ರೂಪಾಯಿ. ಲಕ್ಷ ರೂಪಾಯಿ ವಾಪಸು ಬರಲು ನಲವತ್ತು ವರ್ಷ ಬೇಕು. ಅಷ್ಟು ಕಾಲ ಯಾವ ಕಂಪ್ರೆಸರೂ ಬಾಳುವುದಿಲ್ಲ.

ಮೂರೂ ಮನೆಗಳು ಸೇರಿ ಒಂದೇ ಯಂತ್ರ ಹಾಕಿಸಿದರೆ? ಹತ್ತು ಜನರ ಲೆಕ್ಕದಲ್ಲಿ ಉಳಿತಾಯ ವರ್ಷಕ್ಕೆ ಸಾವಿರದ ಏಳುನೂರು ಯೂನಿಟ್, ಅಂದರೆ ಹನ್ನೆರಡು ಸಾವಿರ ರೂಪಾಯಿ. ಯಂತ್ರ ದೊಡ್ಡದಾಗುತ್ತದೆ, ಕೊಳಾಯಿಗಳ ಕೆಲಸ ಹೆಚ್ಚುತ್ತದೆ. ಆದರೂ ಹತ್ತು ಹದಿನೈದು ವರ್ಷಗಳಲ್ಲಿ ಹಣ ಮರಳೀತು.

ಈಗ ಬಿಟಿಎಂ ಬಡಾವಣೆಯ ಒಂದು ಪಿ.ಜಿ. ವಸತಿಯನ್ನು ತೆಗೆದುಕೊಳ್ಳಿ. ಅರವತ್ತು ಹುಡುಗರು, ತಲೆಗೆ ಮೂವತ್ತು ಲೀಟರ್. ದಿನಕ್ಕೆ 42 ಯೂನಿಟ್ ಶಾಖ ಬೇಕು. ಹೀಟ್ ಪಂಪಿಗೆ ಅದರಲ್ಲಿ 14 ಯೂನಿಟ್ ವಿದ್ಯುತ್ ಸಾಕು. ವರ್ಷಕ್ಕೆ ಹತ್ತು ಸಾವಿರ ಯೂನಿಟ್ ಉಳಿತಾಯ, ಎಪ್ಪತ್ತು ಸಾವಿರ ರೂಪಾಯಿ. ಅಲ್ಲಿ ಈ ಯಂತ್ರ ಕೆಲವೇ ವರ್ಷಗಳಲ್ಲಿ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಹಾಸ್ಟೆಲು, ನರ್ಸಿಂಗ್ ಹೋಮು, ಕಲ್ಯಾಣಮಂಟಪ, ಜೆ.ಪಿ. ನಗರದ ಹತ್ತು ಅಂತಸ್ತಿನ ಅಪಾರ್ಟ್‌ಮೆಂಟು ಇವೆಲ್ಲ ಅದೇ ಸಾಲಿಗೆ ಬರುತ್ತವೆ.

ಒಂದೇ ಯಂತ್ರ, ಒಂದೇ ಊರು, ಮೂರು ಬೇರೆ ಉತ್ತರಗಳು. ಹಲವರು ಹಂಚಿಕೊಳ್ಳುವ ಕಡೆ ಅದು ಹಿತ. ಇಬ್ಬರ ಮನೆಗೆ ಹೊರೆ.

ಮೊದಲು ಸೂರ್ಯ

"ಹಾಗಾದರೆ ಸೋಲಾರ್?" ಎಂದು ನೀವು ಕೇಳುತ್ತೀರಿ. ಈ ಪ್ರಶ್ನೆಗೆ ಬೆಂಗಳೂರಿಗೆ ಒಂದು ಹೆಮ್ಮೆಯ ಇತಿಹಾಸವೇ ಇದೆ. ದೇಶದಲ್ಲಿ ಸೋಲಾರ್ ವಾಟರ್ ಹೀಟರುಗಳು ತಾರಸಿಯ ಸಹಜ ಭಾಗವೇ ಆಗಿಹೋದ ನಗರಗಳಲ್ಲಿ ಇದು ಮೊದಲ ಸಾಲಿನದು. 2007ರಲ್ಲಿ ರಾಜ್ಯ ಸರಕಾರ ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿತು. ಬೆಸ್ಕಾಂ ಮೂವತ್ತು ನಲವತ್ತರ ನಿವೇಶನದ ಮನೆಗಳಿಗೂ ಹೊಸ ಸಂಪರ್ಕ ಕೊಡುವಾಗ ಅದನ್ನು ಕೇಳತೊಡಗಿತು. ಹಾಕಿಸಿದವರಿಗೆ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ನಿಗದಿಯಾಯಿತು. ಬನಶಂಕರಿಯ ಯಾವುದಾದರೂ ಎತ್ತರದ ಕಟ್ಟಡದಿಂದ ಸುತ್ತ ನೋಡಿದರೆ ಆ ನೀತಿಯ ಫಲ ಕಾಣುತ್ತದೆ.

ಅಕ್ಕನ ಮನೆಯಲ್ಲೂ ಹದಿನಾರು ವರ್ಷದ ಹಳೆಯ, ಇನ್ನೂರು ಲೀಟರಿನ ಸೋಲಾರ್ ಇತ್ತು. "ಅದು ಕೆಟ್ಟಿದೆ, ನೀರು ಕಾಯೋದೇ ಇಲ್ಲ" ಎಂಬುದೇ ಹೀಟ್ ಪಂಪಿನ ಯೋಚನೆಗೆ ಮೂಲ. ನೀರು ಕಾಯದ್ದರಿಂದ ತೊಟ್ಟಿಯೊಳಗಿನ ವಿದ್ಯುತ್ ಕಾಯಿಲನ್ನು ರಾತ್ರಿಯಿಡೀ ಹಾಕಿಡುತ್ತಿದ್ದರು. ಭಾವ ಬ್ಯಾಂಕಿನಲ್ಲಿದ್ದವರು, ಲೆಕ್ಕದಲ್ಲಿ ಗಟ್ಟಿಗರು. ಹತ್ತು ದಿನ ಕಾಯಿಲ್ ಹಾಕಿ, ಹತ್ತು ದಿನ ಹಾಕದೆ, ರಾತ್ರಿ ಬೆಳಿಗ್ಗೆ ಮೀಟರ್ ಓದಿ ಬರೆದಿಟ್ಟರು. ಇಬ್ಬರ ಸ್ನಾನಕ್ಕೆ ಆ ಕಾಯಿಲ್ ದಿನಕ್ಕೆ ಆರು ಯೂನಿಟ್ ತಿನ್ನುತ್ತಿತ್ತು! ಬೇಕಾದದ್ದು ಐವತ್ತು ಲೀಟರ್, ಕಾಯುತ್ತಿದ್ದದ್ದು ಇನ್ನೂರು ಲೀಟರ್. ಹೆಸರು ಮಾತ್ರ ಸೋಲಾರ್.

ನಾನು ತಾರಸಿ ಹತ್ತಿ ನೋಡಿದೆ. ಬೆಳಗಿನ ಹನ್ನೊಂದು ಗಂಟೆ. ಸೋಲಾರ್ ಫಲಕದ ಮೇಲೆ ನೆರಳು. ದಕ್ಷಿಣಕ್ಕಿದ್ದ ನೆರೆಮನೆ ಕೆಲವು ವರ್ಷಗಳ ಹಿಂದೆ ಇವರ ಮನೆಗಿಂತ ಎರಡು ಅಂತಸ್ತು ಮೇಲೆದ್ದಿದೆ. ಅಡಿಕೆ ಬೆಳೆಯುವವರಿಗೆ ಈ ಸಂಗತಿ ಕಣ್ಣಿಗೆ ಬೀಳದೆ ಇರದು. ಕಾರ್ತಿಕದ ನಂತರ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಆ ಓರೆ ಬಿಸಿಲು ತಾಗಿ ಅಡಿಕೆಯ ಕಾಂಡ ಸುಡುತ್ತದೆಂದು ನಾವು ತೋಟದ ದಕ್ಷಿಣ, ಪಶ್ಚಿಮದ ಅಂಚುಗಳನ್ನು ಕಾಯುತ್ತೇವೆ, ಎಳೆಯ ಮರಗಳಿಗೆ ಸೋಗೆ ಕಟ್ಟುತ್ತೇವೆ. ತೋಟದಲ್ಲಿ ಬೇಡವಾದ ಬಿಸಿಲೇ ಇಲ್ಲಿ ಬೇಕಾದ ಬಿಸಿಲು. ಅದು ಬರುವ ದಾರಿಗೇ ಗೋಡೆ ಎದ್ದಿತ್ತು. ಬೇಸಿಗೆಯಲ್ಲಿ ಚೆನ್ನಾಗಿ ಕಾಯುತ್ತಿದ್ದ ನೀರು ಚಳಿಗಾಲದಲ್ಲಿ ಕೈಕೊಡುತ್ತಿದ್ದುದರ ಗುಟ್ಟು ಇದು.

ಡಿಸೆಂಬರಿನ ನಡುಹಗಲಿನಲ್ಲೂ ಬೆಂಗಳೂರಿನ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಇಪ್ಪತ್ತು ಅಡಿ ಹೆಚ್ಚು ಎತ್ತರದ ಗೋಡೆ ಆಗ ಹದಿನೈದು ಅಡಿ ಉದ್ದದ ನೆರಳು ಚಾಚುತ್ತದೆ. ಅಕ್ಕನ ತಾರಸಿಯ ಉದ್ದ ಐವತ್ತು ಅಡಿ. ಫಲಕವಿದ್ದದ್ದು ದಕ್ಷಿಣದ ತುದಿಯಲ್ಲಿ. ಉತ್ತರದ ತುದಿಯಲ್ಲಿ ಒಣಗಲು ಹಾಕಿದ್ದ ಸಂಡಿಗೆಗೆ ಒಳ್ಳೆಯ ಬಿಸಿಲು ಬೀಳುತ್ತಿತ್ತು. ಸೋಲಾರ್ ಕೆಟ್ಟಿರಲಿಲ್ಲ ಮಿತ್ರರೆ, ಅದು ನೆರಳಿನಲ್ಲಿತ್ತು.

ಆದರೆ ಸೂರ್ಯ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ ಎಂಬುದೂ ನಿಜ. ಹತ್ತು ಅಂತಸ್ತಿನಲ್ಲಿ ನಲವತ್ತು ಮನೆಗಳಿದ್ದರೆ ತಾರಸಿ ಒಂದೇ. ಅಲ್ಲಿ ತಲಾ ಒಂದು ಫಲಕಕ್ಕೆ ಜಾಗವಿಲ್ಲ. ತಾರಸಿಯಿಂದ ಕೆಳಮನೆಯ ನಲ್ಲಿಯವರೆಗಿನ ಉದ್ದದ ಕೊಳವೆಯಲ್ಲಿ ನಿಂತ ತಣ್ಣೀರು ಹರಿದುಹೋಗುವವರೆಗೆ ಬಿಸಿನೀರು ಬರುವುದಿಲ್ಲ. ಇಪ್ಪತ್ತು ಮೀಟರ್ ಕೊಳವೆಯಿದ್ದರೆ ಪ್ರತಿ ಸಲ ಐದಾರು ಲೀಟರ್ ಮೋರಿಗೆ ಹೋಗುತ್ತದೆ. ಅದನ್ನು ಒಂದು ಬಕೆಟ್ಟಿನಲ್ಲಿ ಹಿಡಿದು ಗಿಡಗಳಿಗೆ ಹಾಕುವ ರೂಢಿ ಬರಬೇಕು. ಆಷಾಢ ಶ್ರಾವಣಗಳ ಮೋಡದಲ್ಲಿ ಸೋಲಾರ್ ಸೋಲುತ್ತದೆ. ಇಂಥ ಕಡೆಗಳಲ್ಲೇ ಹೀಟ್ ಪಂಪಿಗೆ ನಿಜವಾದ ಸ್ಥಾನವಿದೆ. ತಾರಸಿಯ ಚಿಕ್ಕ ಜಾಗದಲ್ಲಿ ವಿದ್ಯುತ್ ತಯಾರಿಸುವ ಸೌರಫಲಕ ಹಾಕಿ, ಆ ವಿದ್ಯುತ್ತಿನಿಂದ ಮಧ್ಯಾಹ್ನ ಹೀಟ್ ಪಂಪ್ ನಡೆಸಿದರೂ ಆದೀತು. ಫಲಕವು ಬಿಸಿಲಿನ ಐದರಲ್ಲಿ ಒಂದು ಪಾಲನ್ನು ವಿದ್ಯುತ್ತಾಗಿಸುತ್ತದೆ, ಪಂಪು ಅದನ್ನು ಮೂರು ಪಟ್ಟು ಶಾಖವಾಗಿಸುತ್ತದೆ.

ಬೆಳಗಿನ ಏಳು ಗಂಟೆ

ಇಲ್ಲಿಯವರೆಗೆ ಮಾತನಾಡಿದ್ದು ಎಷ್ಟು ವಿದ್ಯುತ್ ಎಂಬುದರ ಬಗ್ಗೆ. ನಾನು ಬೆಟ್ಟ ಇಳಿದು ಬಂದದ್ದು ಇನ್ನೊಂದು ಪ್ರಶ್ನೆಗಾಗಿ: ಎಷ್ಟು ಹೊತ್ತಿನ ವಿದ್ಯುತ್?

ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ. ಜೋಗದ ಬುಡದಲ್ಲಿ, ಮುಂದೆ ಮಹಾತ್ಮಾ ಗಾಂಧಿಯವರ ಹೆಸರು ಪಡೆದ ವಿದ್ಯುದಾಗಾರ ಕೆಲಸ ಆರಂಭಿಸಿದ್ದೂ ಅದೇ ವರ್ಷ. ನಿಮ್ಮ ಬಡಾವಣೆ ಮತ್ತು ನಮ್ಮ ಕಣಿವೆಯ ವಿದ್ಯುತ್ತು ಒಂದೇ ವಯಸ್ಸಿನವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಗದ್ದೆ, ತೋಟ, ದೇವಸ್ಥಾನಗಳು ಮುಳುಗಿದವು, ಸಾವಿರಾರು ಸಂಸಾರಗಳು ಎದ್ದು ಹೋದವು. ನೀರಿನಾಚೆ ಉಳಿದ ತುಮರಿಯ ಸುತ್ತಲಿನವರು ಸಾಗರಕ್ಕೆ ಬರಲು ಲಾಂಚಿಗಾಗಿ ಕಾದರು. ಅವರಿಗೆ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅವರು ಬಿಟ್ಟುಕೊಟ್ಟ ನೆಲದ ನೀರಿನಿಂದ 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಡೆಯಿತು, ನಾಡು ಬೆಳಗಿತು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಅದೇ ಕಣಿವೆಯಲ್ಲಿ ಈಗ ಇನ್ನೊಂದು ಯೋಜನೆಯ ಪ್ರಸ್ತಾಪವಿದೆ. ಮೇಲಿನ ತಲಕಳಲೆ ಮತ್ತು ಕೆಳಗಿನ ಗೇರುಸೊಪ್ಪ ಜಲಾಶಯಗಳ ನಡುವೆ ಸುರಂಗ ಕೊರೆದು, 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ವಿದ್ಯುತ್ ಹೆಚ್ಚಿರುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆ ಎತ್ತುವುದು, ಬೇಡಿಕೆ ಏರಿದಾಗ ಕೆಳಕ್ಕೆ ಬಿಡುವುದು. ಹೀಗೆ ಎತ್ತಿ ಇಳಿಸುವಾಗ ಐದರಲ್ಲಿ ಒಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು ವಿದ್ಯುತ್ ನಷ್ಟವಾಗುತ್ತದೆ. ಆ ಜಾಗ 2019ರಲ್ಲಿ ಸಿಂಗಳೀಕಗಳ ಅಭಯಾರಣ್ಯವೆಂದು ಘೋಷಿತವಾದ ಶರಾವತಿ ಕಣಿವೆ. ಒಂದು ಮರದಿಂದ ಇನ್ನೊಂದಕ್ಕೆ ಹಾರಿ ಬದುಕುವ ಸಿಂಗಳೀಕಕ್ಕೆ ಕಾಡಿನ ಮೇಲ್ಛಾವಣಿ ತುಂಡಾಗದೆ ಇರಬೇಕು. ಆದ್ದರಿಂದಲೇ ಕಣಿವೆಯ ಜನ ಪ್ರಶ್ನೆ ಕೇಳುತ್ತಿದ್ದಾರೆ.

ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವಿದೆ. ನಡುಹಗಲಿನಲ್ಲಿ ನಮ್ಮಲ್ಲಿ ಸೌರವಿದ್ಯುತ್ ಸಾಕಷ್ಟಿದೆ. ಅಭಾವ ಬರುವುದು ಸಂಜೆ ಮತ್ತು ಮುಂಜಾನೆ. ಬೆಳಗಿನ ಆರೂವರೆಯಿಂದ ಎಂಟರವರೆಗೆ, ಫಲಕಗಳಿನ್ನೂ ಎಚ್ಚೆತ್ತಿರದ ಹೊತ್ತಿನಲ್ಲಿ, ನಾವೆಲ್ಲ ಗೀಸರಿನ ಗುಂಡಿ ಒತ್ತುತ್ತೇವೆ. ಒಂದು ಸಾಧಾರಣ ಗೀಸರಿನ ಸೆಳೆತ ಎರಡು ಕಿಲೋವಾಟ್. ಹತ್ತು ಲಕ್ಷ ಗೀಸರುಗಳು ಒಟ್ಟಿಗೆ ಉರಿದರೆ? ಎರಡು ಸಾವಿರ ಮೆಗಾವಾಟ್. ಶರಾವತಿಯ ಪ್ರಸ್ತಾವಿತ ಯೋಜನೆಯ ಪೂರ್ಣ ಸಾಮರ್ಥ್ಯ ಎಷ್ಟೋ ಅಷ್ಟು.

ಈ ಹೋಲಿಕೆಯನ್ನು ಅತಿಮಾಡಬಾರದು. ಎಲ್ಲ ಗೀಸರುಗಳೂ ಒಂದೇ ಕ್ಷಣದಲ್ಲಿ ಉರಿಯುವುದಿಲ್ಲ. ಆ ಯೋಜನೆ ಬರೀ ಬೆಳಗಿನ ಸ್ನಾನಕ್ಕಾಗಿ ಹುಟ್ಟಿದ್ದೂ ಅಲ್ಲ, ಸಂಜೆಯ ಬೇಡಿಕೆಯೂ ಅದರ ಹಿಂದಿದೆ. ಆದರೆ "ಬೇಡಿಕೆ ಇದೆ, ಅದಕ್ಕೆ ಕಣಿವೆ ಬೇಕು" ಎಂಬ ವಾದದಲ್ಲಿ ನಮ್ಮ ಬಚ್ಚಲಿನ ಪಾಲೆಷ್ಟು ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಹೀಟ್ ಪಂಪಿನ ದೊಡ್ಡ ಗುಣ ನನಗೆ ಕಂಡದ್ದು ಇಲ್ಲಿಯೇ. ಅದಕ್ಕೆ ದೊಡ್ಡ ತೊಟ್ಟಿಯಿದೆ, ತೊಟ್ಟಿಗೆ ದಪ್ಪನೆಯ ಶಾಖನಿರೋಧಕ ಹೊದಿಕೆಯಿದೆ. ನಡುಹಗಲು ಹನ್ನೆರಡರಿಂದ ಮೂರರವರೆಗೆ ನಡೆಸಿ ಸುಮ್ಮನಾದರೆ, ಮರುದಿನ ಬೆಳಿಗ್ಗೆಗೆ ಕೆಲವು ಡಿಗ್ರಿ ಮಾತ್ರ ಇಳಿದ ಬಿಸಿನೀರು ಸಿಗುತ್ತದೆ. ಗಾಳಿ ಬೆಚ್ಚಗಿರುವ ಹೊತ್ತು ಅದೇ ಆದ್ದರಿಂದ ಯಂತ್ರಕ್ಕೂ ಶ್ರಮ ಕಡಿಮೆ. ಸೌರವಿದ್ಯುತ್ ಹೆಚ್ಚಿರುವ ಹೊತ್ತೂ ಅದೇ. ಮಧ್ಯಾಹ್ನದ ಬಿಸಿಲನ್ನು ಬೆಳಗಿನವರೆಗೆ ಹಿಡಿದಿಡುವ ಈ ತೊಟ್ಟಿ, ಒಂದು ಪುಟ್ಟ ಜಲಾಶಯವೇ ಸರಿ. ಇದು ಯಾವ ಊರನ್ನೂ ಮುಳುಗಿಸುವುದಿಲ್ಲ, ಯಾವ ಮರವನ್ನೂ ಕೇಳುವುದಿಲ್ಲ. ಸೋಲಾರ್ ವಾಟರ್ ಹೀಟರಿನ ತೊಟ್ಟಿ ಮಾಡುತ್ತಾ ಬಂದಿರುವುದೂ ಇದನ್ನೇ.

ಆದರೆ ಯಂತ್ರ ಹಾಕಿಸಿದವರು ಅದಕ್ಕೊಂದು ಟೈಮರ್ ಇಡದಿದ್ದರೆ, ಸ್ನಾನದ ಹೊತ್ತಿಗೇ ಅದು ಓಡಿ ಈ ಲಾಭವೆಲ್ಲ ಕೈಜಾರುತ್ತದೆ. ಆದ್ದರಿಂದ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ, "ಟೈಮರ್ ಇದೆಯೇ?"

ಉಚಿತದ ಬೆಲೆ

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ವರ್ಷದ ಸರಾಸರಿಗೆ ಶೇಕಡ ಹತ್ತು ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಮನೆಗಳಿಗೆ ವಿದ್ಯುತ್ ಉಚಿತವಾಯಿತು. ಬಡವರ ಮನೆಗೆ ಅದು ನಿಜವಾದ ಆಸರೆ. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಶೂನ್ಯ ಬಿಲ್ಲು ಬರುವ ಮನೆಯವರು ಸೋಲಾರ್ ದುರಸ್ತಿಗೆ ಏಕೆ ಹಣ ಹಾಕಬೇಕು? ತಿಂಗಳ ಬಳಕೆ 200 ದಾಟಿದರೆ ಮಾತ್ರ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಆ ಗೆರೆಯ ಹತ್ತಿರ ಇರುವ ಮನೆಗೆ ದಿನದ ಆರು ಯೂನಿಟ್ಟಿನ ಕಾಯಿಲ್ ಎಂದರೆ ತಿಂಗಳಿಗೆ 180 ಯೂನಿಟ್ ಎಂಬುದನ್ನು ಗಮನಿಸಿ.

ಬಿಲ್ಲಿನಲ್ಲಿ ಸೊನ್ನೆ ಇದ್ದ ಮಾತ್ರಕ್ಕೆ ಯಾರೂ ಬೆಲೆ ತೆರುತ್ತಿಲ್ಲ ಎಂದಲ್ಲ. ದೇಶದ ವಿದ್ಯುತ್ ಜಾಲದ ಸರಾಸರಿಯಲ್ಲಿ ಪ್ರತಿ ಯೂನಿಟ್ಟಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. ಅದು ಕಲ್ಲಿದ್ದಲಿನ ಬೆಲೆ. ಜಲವಿದ್ಯುತ್ತಿನ ಬೆಲೆಯನ್ನು ಆಗಲೇ ಹೇಳಿದೆ.

ಕೊಳ್ಳುವ ಮುನ್ನ

ಹೀಟ್ ಪಂಪ್ ತಮಗೆ ತಕ್ಕುದೆಂದು ಲೆಕ್ಕ ಹೇಳಿದವರಿಗೆ ಕೆಲವು ಎಚ್ಚರಿಕೆಗಳು.

ಶೀತಕ ಯಾವುದೆಂದು ಕೇಳಿ. ಆರ್-410ಎ ಎಂಬ ಅನಿಲ ಸೋರಿದರೆ ಒಂದು ಕಿಲೋ ಎರಡು ಸಾವಿರ ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಆರ್-134ಎ ಆದರೆ ಸುಮಾರು 1,400. ಆರ್-32 ಆದರೆ 700ರ ಒಳಗೆ. ಪ್ರೊಪೇನ್, ಅಂದರೆ ಆರ್-290 ಆದರೆ ತೀರಾ ಅಲ್ಪ, ಆದರೆ ಅದು ಉರಿಯುವ ಅನಿಲವಾದ್ದರಿಂದ ಬಲ್ಲವರೇ ಅಳವಡಿಸಬೇಕು. ಇಂಥ ಅನಿಲಗಳನ್ನು ಹಂತಹಂತವಾಗಿ ತಗ್ಗಿಸುವ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ.

ಕೊಳವೆಬಾವಿಯ ಗಡಸು ನೀರು ಯಾವ ಯಂತ್ರವನ್ನೂ ಬಿಡುವುದಿಲ್ಲ. ಬಿಸಿ ತಾಗುವ ಕಡೆಯೆಲ್ಲ ಸುಣ್ಣದ ಪದರ ಕಟ್ಟುತ್ತದೆ. ಕಾವೇರಿ ನೀರಿನ ಸಂಪರ್ಕವಿದ್ದರೆ ಯಂತ್ರಕ್ಕೆ ಅದನ್ನೇ ಕೊಡಿ.

ಯಂತ್ರಕ್ಕೆ ಧಾರಾಳವಾದ ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿಟ್ಟರೆ ತಾನೇ ತಣ್ಣಗೆ ಮಾಡಿದ ಗಾಳಿಯನ್ನು ಮತ್ತೆ ಹೀರಿ ಸೋಲುತ್ತದೆ. ಎ.ಸಿ.ಯ ಹೊರಭಾಗದಂತೆ ಸದ್ದೂ ಇದೆ. ಮೂರಡಿ ಅಂತರದ ನೆರೆಮನೆಯ ಮಲಗುವ ಕೋಣೆಯ ಕಿಟಕಿ ಎಲ್ಲಿದೆಯೆಂದು ನೋಡಿಕೊಳ್ಳಿ.

ಅಗ್ಗವೆಂದು ಗ್ಯಾಸ್ ಗೀಸರಿಗೆ ಹೋಗುವವರು, ಅದನ್ನು ಮುಚ್ಚಿದ ಬಚ್ಚಲುಮನೆಯೊಳಗೆ ಎಂದೂ ಇಡಬೇಡಿ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡಿಗೆ ಎಷ್ಟೋ ಜೀವಗಳು ಹೋಗಿವೆ.

ನಮ್ಮ ಬೆನ್ನು ನಮಗೆ

ನಗರದವರಿಗೆ ಬುದ್ಧಿ ಹೇಳಿ ಹೊರಟುಹೋಗುವುದು ನನ್ನ ಉದ್ದೇಶವಲ್ಲ. ನಮ್ಮ ಹಂಡೆಯ ಕೆಳಗೂ ಬೂದಿಯಿದೆ. ಮಲೆನಾಡಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಬಚ್ಚಲೊಲೆ ಆರುವುದಿಲ್ಲ. ಕಂಬಳಿ ಒಣಗುವುದು, ಬಟ್ಟೆ ಒಣಗುವುದು, ಮೈ ಬೆಚ್ಚಗಾಗುವುದು ಅದರ ಮುಂದೆಯೇ. ಅಡಿಕೆ ಸಿಪ್ಪೆ, ತೆಂಗಿನ ಗರಿ ಉರಿಸಿದರೆ ಸರಿ. ಆದರೆ ಒಣಗಿದ ಮರದ ಜತೆ ಹಸಿಮರವೂ ಬಿದ್ದದ್ದನ್ನು ನಮ್ಮ ಬೆಟ್ಟಗಳು ಕಂಡಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ, ಕಡಿಮೆ ಕಟ್ಟಿಗೆಯ, ಹೊಗೆಯಿಲ್ಲದ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ಕಳಿಸಿತು. ಅದು ನಗರದಿಂದ ಕಾಡಿಗೆ ಬಂದ ಕೊಡುಗೆ. ನನ್ನ ಮನೆಯಲ್ಲೂ ಮೂರು ವರ್ಷಗಳ ಹಿಂದೆ ಸೋಮಾರಿತನದಿಂದ ಗೀಸರ್ ಬಂತು. ಅಕ್ಕನ ಲೆಕ್ಕ ಮಾಡಿದ ಮೇಲೆ ನನ್ನ ಮೀಟರನ್ನೂ ನಾನು ಓದಿದೆ. ಆ ಅಂಕಿಯನ್ನು ಇಲ್ಲಿ ಹೇಳಲು ನಾಚಿಕೆಯಾಗುತ್ತದೆ. ಈಗ ಒಲೆಯ ದುರಸ್ತಿ ನಡೆದಿದೆ.

ಅಕ್ಕನ ತೀರ್ಮಾನ

ಅಕ್ಕ ಹೀಟ್ ಪಂಪ್ ಕೊಳ್ಳಲಿಲ್ಲ. ಸೋಲಾರ್ ಫಲಕವನ್ನು ತಾರಸಿಯ ಉತ್ತರದ ತುದಿಗೆ ಸಾಗಿಸಿ, ಕೊಳವೆಗಳ ಸುಣ್ಣ ತೆಗೆಸಿದರು. ಕಾಯಿಲಿನ ತಂತಿ ಬಿಚ್ಚಿಸಿದರು. ಇನ್ನೂರು ಲೀಟರ್ ಇಬ್ಬರಿಗೆ ಹೆಚ್ಚಾದ್ದರಿಂದ ಮೇಲಿನ ಮನೆಯ ಬಾಡಿಗೆದಾರರಿಗೂ ಒಂದು ಕೊಳವೆ ಕೊಟ್ಟರು. ಮೋಡದ ದಿನಗಳಿಗೆ ಒಂದು ಚಿಕ್ಕ ಗೀಸರ್ ಉಳಿಸಿಕೊಂಡರು, ಸ್ನಾನಕ್ಕೆ ಕಾಲು ಗಂಟೆ ಮುಂಚೆ ಹಾಕಿ ಆರಿಸುವ ಕರಾರಿನ ಮೇಲೆ. ಅದೇ ಬೀದಿಯ ಕೊನೆಯ ಅಪಾರ್ಟ್‌ಮೆಂಟಿನ ಸಂಘದವರು ಭಾವನ ಲೆಕ್ಕದ ಪುಸ್ತಕ ನೋಡಿ, ತಮ್ಮ ಮನೆಗಳಿಗೆ ಒಂದು ಸಾಮೂಹಿಕ ಹೀಟ್ ಪಂಪ್ ಹಾಕಿಸುವ ಮಾತುಕತೆಯಲ್ಲಿದ್ದಾರೆ. ಇಬ್ಬರದೂ ಸರಿಯಾದ ತೀರ್ಮಾನ ಎಂದು ನಾನು ನಂಬಿದ್ದೇನೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಯಾವ ಯಂತ್ರ ಎಂದು ಕೇಳುವ ಮೊದಲು ಹತ್ತು ದಿನ ಮೀಟರ್ ಓದಿ. ಒಮ್ಮೆ ಡಿಸೆಂಬರಿನಲ್ಲಿ ತಾರಸಿ ಹತ್ತಿ ನೆರಳು ನೋಡಿ. ಬಿಸಿಲಿದ್ದರೆ ಬಿಸಿಲು, ಇಲ್ಲದಿದ್ದರೆ ನೆರೆಯವರೊಂದಿಗೆ ಸೇರಿ ಹೀಟ್ ಪಂಪು. ಯಾವುದೇ ಇರಲಿ, ನೀರು ಕಾಯುವುದು ಮಧ್ಯಾಹ್ನವಾಗಲಿ. ಕಣಿವೆಯ ಮೇಲಿನ ಹೊರೆಯನ್ನು ಹೋರಾಟದಿಂದ ಮಾತ್ರ ಇಳಿಸಲಾಗದು. ಅದನ್ನು ಏರಿಸುವ ಗುಂಡಿ ನಿಮ್ಮ ಬಚ್ಚಲಿನ ಹೊರಗಿನ ಗೋಡೆಯಲ್ಲಿದೆ.

ಬರುವ ನೀರು ತುಂಬುವ ಹಬ್ಬಕ್ಕೆ ಅಟ್ಟದ ಹಂಡೆ ಕೆಳಗಿಳಿಸುವುದಾಗಿ ಅಕ್ಕ ಹೇಳಿದ್ದಾಳೆ. ಒಲೆ ಹಚ್ಚಲಲ್ಲ, ಸೋಲಾರಿನ ನೀರನ್ನು ಅದರಲ್ಲಿ ತುಂಬಲು. ಹಿಂಡಲೆಕಾಯಿಯ ಬಳ್ಳಿ ತರುವ ಕೆಲಸ ನನ್ನದು.